ದಮ್ಮು ಸಾಲಲಿಲ್ಲ

ವಾಲಿಬಾಲ್ ಸಂಸ್ಥೆಯ ಕಾರ್ಯದರ್ಶಿಗೆ ತಂದೆಯಿಂದ ಬಂದ ಆಸ್ತಿ ಎರಡೇ. ಒಂದು ಕಾರ್ಯದರ್ಶಿಯ ಕುರ್ಚಿ, ಇನ್ನೊಂದು ಟೇಪ್ ರೆಕಾರ್ಡರ್. ರಾಷ್ಟ್ರೀಯ ಮಹಿಳಾ ತಂಡದ ಇತಿಹಾಸ ಬರೆಯಲು ಹೊರಟ ಆತ, ಕುರ್ಚಿಯನ್ನು ಆಫೀಸಿನಲ್ಲೇ ಬಿಟ್ಟು, ಟೇಪ್ ರೆಕಾರ್ಡರನ್ನು ಹೊತ್ತುಕೊಂಡು ಮಾಜಿ ನಾಯಕಿಯ ಮನೆಗೆ ಬಂದ.

“ಮೊಬೈಲ್ ಇದರ ಮುಂದೆ ಏನೂ ಅಲ್ಲ ಮೇಡಂ. ಅಪ್ಪ ಫಾರಿನ್ನಿಂದ ತಂದಿದ್ದು. ಇವತ್ತಿಗೂ ಒಂದು ರಿಪೇರಿ ಕಂಡಿಲ್ಲ,” ಎಂದು ಗುಂಡಿ ಒತ್ತಿದ. ಕ್ಯಾಸೆಟ್ ತಿರುಗತೊಡಗಿತು.

ಮಾಜಿ ನಾಯಕಿ ಅದನ್ನೇ ನೋಡುತ್ತ ಕೂತರು.

“ಉಳಿದಿದ್ದೆಲ್ಲ ಬರೆದಾಯ್ತು. ಏಳು ತಂಡ ಬಂದ ಕಡೆ ಏಳನೇ ಸ್ಥಾನ, ಐದು ಬಂದ ಕಡೆ ಐದನೇದು. ಸೆಮಿಫೈನಲ್ ತಲುಪಿದ್ದು ಒಂದೇ ಸಲ. ಅವತ್ತು ಯಾಕೆ ಸೋತ್ರಿ? ದಾಖಲೆಯಲ್ಲಿ ‘ಹುಡುಗಿಯರಿಗೆ ದಮ್ಮು ಸಾಲಲಿಲ್ಲ’ ಅಂತಿದೆ.”

“ದಮ್ಮು ಇತ್ತಪ್ಪಾ, ಪಾಸ್‌ಪೋರ್ಟ್ ಇರ್ಲಿಲ್ಲ. ಅದನ್ನ ತೋರಿಸ್ದೆ ಕೋರ್ಟಿಗೆ ಇಳಿಸಲ್ಲ ಅಂದ್ರು. ಹೆಣ್ಮಕ್ಳು ಕಳ್ಕೊಂಡುಬಿಡ್ತಾರೆ ಅಂತ ಹನ್ನೆರಡೂ ಜನರದ್ದನ್ನ ಮ್ಯಾನೇಜರ್ರೇ ತಮ್ಮ ಚೀಲದಲ್ಲಿ ಇಟ್ಕೊಂಡಿದ್ರು. ಪಂದ್ಯದ ಹೊತ್ತಿಗೆ ಚೀಲಾನೂ ಇಲ್ಲ, ಅವರೂ ಇಲ್ಲ. ಕಾದು ಕಾದು, ಎದುರಿನವರೇ ಗೆದ್ರು ಅಂತ ಸೀಟಿ ಊದಿಬಿಟ್ರು.”

ಕಾರ್ಯದರ್ಶಿಗೆ ರೇಗಿಹೋಯಿತು. “ಎಂಥಾ ಮಾನಗೆಟ್ಟ ಮನುಷ್ಯ! ಎಲ್ಲಿ ಹಾಳಾಗಿ ಹೋಗಿದ್ದ?”

“ಪೇಟೆಗೆ.”

“ಸೆಮಿಫೈನಲ್ ಬಿಟ್ಟು ಪೇಟೆಗಾ? ಅಂಥಾದ್ದೇನು ತರೋದಿತ್ತು ಅವನಿಗೆ?”

“ಈಗ ನಿನ್ನ ಬೈಗುಳಾನೂ ಸೇರಿಸಿ ತುಂಬಿಸ್ಕೊಳ್ತಾ ಇದೆಯಲ್ಲಪ್ಪಾ, ಅದನ್ನ.”