ಮೇಷ್ಟ್ರ ಬಲಗಾಲು

ಊರು ದಾಟಿ ಮೊದಲ ತಿರುವು ಬರುತ್ತಿದ್ದಂತೆಯೇ ಮೇಷ್ಟ್ರ ಬಲಗಾಲು ಕಾರಿನ ನೆಲವನ್ನು ಗಟ್ಟಿಯಾಗಿ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ. ಒಂದು ಕಾಲದಲ್ಲಿ ಇತ್ತು. ಮೇಷ್ಟ್ರ ಡ್ರೈವಿಂಗ್ ಸ್ಕೂಲಿನಲ್ಲಿ ದುಡಿದು ಹಣ್ಣಾದ ಕಾರು ಅದು. ಪಕ್ಕದ ಸೀಟಿನ ಬ್ರೇಕನ್ನು ಕೀಳಿಸಿ ಕಾರನ್ನು ಮನೆಗೆ ತಂದಿದ್ದರು. ಆ ಸುದ್ದಿ ಕಾಲಿಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ. ಅಷ್ಟು ವರ್ಷ ಅವರ ಪಾದ ಊರಿದ ಜಾಗದಲ್ಲಿ ಮ್ಯಾಟು ಸವೆದು ತೂತಾಗಿತ್ತು.

“ರೀ, ಕಾಲು!” ಎಂದಳು ಸ್ಟಿಯರಿಂಗ್ ಹಿಡಿದಿದ್ದ ಹೆಂಡತಿ.

“ನನ್ನ ಕಾಲು, ನನ್ನಿಷ್ಟ. ನೀನು ರಸ್ತೆ ನೋಡು.”

ಅರ್ಧ ಊರಿಗೆ ಕಾರು ಕಲಿಸಿದ ಮನುಷ್ಯ ಕಟ್ಟಿಕೊಂಡವಳಿಗೆ ಮಾತ್ರ ಕಲಿಸಿರಲಿಲ್ಲ. ಕೇಳಿದಾಗಲೆಲ್ಲ “ಹೆಂಡ್ತಿಗೆ ಡ್ರೈವಿಂಗ್ ಹೇಳ್ಕೊಟ್ಟು ಸಂಸಾರ ಉಳಿಸ್ಕೊಂಡವನನ್ನ ನಾನಂತೂ ನೋಡಿಲ್ಲ ಕಣೇ” ಎಂದು ನಗುತ್ತಾ ಜಾರಿಕೊಳ್ಳುತ್ತಿದ್ದರು. ಅವಳೇನು ಕಡಿಮೆಯೇ? ಎದುರು ರಸ್ತೆಯ ಇನ್ನೊಂದು ಸ್ಕೂಲಿಗೆ ಸೇರಿ ಸದ್ದಿಲ್ಲದೆ ಕಲಿತು, ಒಂದು ದಿನ ಲೈಸೆನ್ಸನ್ನು ಅವರ ಊಟದ ತಟ್ಟೆಯ ಪಕ್ಕದಲ್ಲೇ ತಂದಿಟ್ಟಳು. ಮೇಷ್ಟ್ರಿಗೆ ಆವತ್ತು ತುತ್ತು ಇಳಿಯಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಕಡಲ ದಂಡೆಯ ಊರಿನಲ್ಲಿರುವ ಅಕ್ಕ “ಬಾರೇ” ಎಂದು ಕರೆದಾಗ, “ತಡಿ ಅಕ್ಕಾ, ಇವರಿಗೆ ಬಿಡುವಾಗ್ಲಿ” ಎನ್ನದೆ ಹೊರಟುಬಿಡಬೇಕು. ಕಾರು ಕೊಡಿ ಎಂದು ಅವಳು ಕಾಡಿ ಬೇಡಿ ಸಾಕಾದ ಮೇಲೆ ಮೇಷ್ಟ್ರು ಪಂದ್ಯ ಕಟ್ಟಿದರು. ಶನಿವಾರ ಅಕ್ಕನ ಮನೆಯವರೆಗೆ ಅವಳೇ ಓಡಿಸಲಿ. ದಾರಿಯಲ್ಲಿ ಒಂದೇ ಒಂದು ಸಲ ತಾವು ಹ್ಯಾಂಡ್‌ಬ್ರೇಕ್ ಎಳೆಯುವ ಪ್ರಸಂಗ ಬಂದರೂ ಬೀಗದಕೈ ತಮ್ಮ ಜೇಬಿಗೆ, ಮತ್ತೆ ಆ ಮಾತೇ ಎತ್ತಬಾರದು. ಬರದಿದ್ದರೆ ಕಾರು ಅವಳದು.

ಕಡಲು ಕಾಣುವ ಹೊತ್ತಿಗೆ ಮೇಷ್ಟ್ರ ಕಾಲಿಗೂ ಸುಸ್ತು, ಹೊಟ್ಟೆಗೂ ಹಸಿವು. ದಂಡೆಯ ಗುಡಿಸಲೊಂದರಲ್ಲಿ ಹೆಂಗಸೊಬ್ಬಳು ಆಗಷ್ಟೇ ದೋಣಿಯಿಂದ ಇಳಿದ ಮೀನನ್ನು ದೊಡ್ಡ ಬಾಣಲೆಯಲ್ಲಿ ಕರಿಯುತ್ತಿದ್ದಳು. ಇಬ್ಬರೂ ನಿಂತಲ್ಲೇ ಊದಿ ಊದಿ ತಿಂದರು. ಎಲ್ಲಿತ್ತೋ ಏನೋ, ಬಿಳಿಯ ಕಡಲಹಕ್ಕಿಯೊಂದು ಸುಯ್ಯನೆ ಬಂದು ಮೇಷ್ಟ್ರ ಕೈಯಲ್ಲಿದ್ದ ದಪ್ಪ ತುಂಡನ್ನೇ ಕಚ್ಚಿಕೊಂಡು ಹಾರಿತು.

“ಇಂಡಿಕೇಟರ್ ಹಾಕ್ದೇನೇ ನುಗ್ತೀಯಲ್ಲೋ, ಕಳ್ಳ!” ಮೇಷ್ಟ್ರು ಆಕಾಶ ನೋಡಿ ಕೂಗಿದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಳಕೊಂಡ ತುಂಡಿನ ದುಃಖಕ್ಕೆ ಮೇಷ್ಟ್ರು ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡರು.

ಒಂದು ಕಡೆ ಕಡಲು, ಇನ್ನೊಂದು ಕಡೆ ಜೊಂಡು ಬೆಳೆದ ಹಿನ್ನೀರು, ನಡುವೆ ರಸ್ತೆ. ಪೊಟ್ಟಣ ತೊಡೆಯ ಮೇಲೆ ಬಿಚ್ಚಿಕೊಂಡು ಮೇಷ್ಟ್ರು ಮುಳ್ಳು ಬಿಡಿಸುವುದರಲ್ಲಿ ಲೋಕ ಮರೆತಿದ್ದರು. ತಿರುವು ಕಳೆದದ್ದೇ ತಡ, ಕಾರು ತಟಕ್ಕನೆ ನಿಂತಿತು. ಮೀನೆಲ್ಲ ಮೇಷ್ಟ್ರ ಕಾಲಬುಡಕ್ಕೆ ಬಿತ್ತು.

“ನೋಡಿದ್ಯಾ! ನಡುರಸ್ತೇಲಿ ನಿಲ್ಸಿದ್ಯಲ್ಲೇ! ನಂಗೊತ್ತಿತ್ತು ಹಿಂಗೇ ಆಗತ್ತೆ ಅಂತ!” ಎಣ್ಣೆಗೈ ಹೋಗಿ ಹ್ಯಾಂಡ್‌ಬ್ರೇಕನ್ನು ಹಿಡಿದೇಬಿಟ್ಟಿತು.

ಎಳೆದರೆ ಪಂದ್ಯ ಮುಗಿಯಿತು. ಆದರೂ ಅವಳು ದನಿ ಏರಿಸಲಿಲ್ಲ. “ಎಳೀರಿ. ಆದ್ರೆ ಮೊದಲು ಮುಂದೆ ನೋಡಿ.”

ಮೇಷ್ಟ್ರು ನೋಡಿದರು. ಜೊಂಡಿನೊಳಗಿಂದ ನೀರುನಾಯಿಯೊಂದು ಮೈ ಬಳುಕಿಸುತ್ತಾ ಕಡಲಿನ ಕಡೆ ರಸ್ತೆ ದಾಟುತ್ತಿತ್ತು. ಹಿಂದೆಯೇ ಸಾಲಾಗಿ ಅದರ ಮರಿಗಳು. ಕಡೆಯ ಮರಿಗೆ ಅದೇನು ತೋಚಿತೋ, ಕಾರಿನ ಮುಂದೆಯೇ ಕುಕ್ಕರಿಸಿ ಮೂಗೆತ್ತಿ ಮೂಸತೊಡಗಿತು. ಮೀನಿನ ವಾಸನೆ ಇರಬೇಕು. ತಾಯಿ ತಿರುಗಿ ಬಂತು, ಕಾರನ್ನೊಮ್ಮೆ ದುರುಗುಟ್ಟಿ ನೋಡಿತು, ಮರಿಯ ಕುತ್ತಿಗೆಯನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಯಿತು.

“ಪಾಪ, ಅವಳೂ ಮಕ್ಕಳನ್ನ ಕರ್ಕೊಂಡು ಅಕ್ಕನ ಮನೆಗೆ ಹೊರಟಿದ್ದಾಳೆ,” ಎಂದಳು ಹೆಂಡತಿ.

ಹ್ಯಾಂಡ್‌ಬ್ರೇಕಿನ ಮೇಲಿದ್ದ ಕೈ ಮೆಲ್ಲಗೆ ಜಾರಿತು. ಮೇಷ್ಟ್ರು ತಮ್ಮ ಬಲಗಾಲನ್ನೇ ನೋಡುತ್ತಿದ್ದರು, ಮೊದಲ ಸಲ ಫೇಲಾದ ಜಾಣ ಮಗನನ್ನು ನೋಡುವ ಹಾಗೆ.

“ನಂಗೆ ಕಾಣ್ಲೇ ಇಲ್ಲ. ಕಾಲು ಒತ್ಲೇ ಇಲ್ಲ ಕಣೇ. ನೀನು ಹೆಂಗೆ ನೋಡ್ದೆ?”

“ಜೊಂಡು ಅಲ್ಲಾಡ್ತು. ಗಾಳಿ ಇರ್ಲಿಲ್ಲ. ಏನೋ ಬರ್ತಿದೆ ಅನ್ನಿಸ್ತು.”

ಮೇಷ್ಟ್ರು ಒಲ್ಲದ ಮನಸ್ಸಿನಿಂದ, “ಎದುರು ಸ್ಕೂಲಿನವನು ಪರವಾಗಿಲ್ಲ. ಚೆನ್ನಾಗೇ ಕಲ್ಸಿದ್ದಾನೆ,” ಎಂದರು.

“ಅವರು ಕಲ್ಸಿದ್ದು ಗೇರು, ಕ್ಲಚ್ಚು ಅಷ್ಟೇ ರೀ. ಯಾವಾಗ ಬ್ರೇಕ್ ಹಾಕ್ಬೇಕು ಅನ್ನೋದನ್ನ ಕಲ್ಸಿದ್ದು ನಿಮ್ಮ ಕಾಲು. ಬಸ್ಸಲ್ಲಿ, ಟ್ಯಾಕ್ಸೀಲಿ, ಟಿವಿ ಮುಂದೆ ಸೋಫಾದಲ್ಲಿ ಕೂತಾಗ್ಲೂ ಒತ್ತುತ್ತಾನೇ ಇರ್ತೀರಲ್ಲ. ಮದ್ವೆ ಆದಾಗಿಂದ ನೋಡ್ತಾ ಇದ್ದೀನಿ.”

ಮೇಷ್ಟ್ರು ಬಗ್ಗಿ, ಬಿದ್ದ ಮೀನನ್ನು ಆರಿಸತೊಡಗಿದರು. ಆದರೆ ಮುಖದ ಮೇಲೆ ಮೂಡಿದ ಸಂತೋಷ ಎಷ್ಟು ಬಗ್ಗಿದರೂ ಮುಚ್ಚುವಂಥದ್ದಾಗಿರಲಿಲ್ಲ.

ಭಾನುವಾರ ಸಂಜೆ ಹೊರಡುವಾಗ ಅಕ್ಕ ಕಾರಿನ ಕಿಟಕಿ ಹಿಡಿದು “ಮತ್ತೆ ಯಾವಾಗ ಬರ್ತೀಯೇ?” ಎಂದಳು. ಅವಳು ಗಂಡನ ಮುಖ ನೋಡದೆ, “ಮುಂದಿನ ಶನಿವಾರ,” ಎಂದುಬಿಟ್ಟಳು. ಹೇಳಿಯಾದ ಮೇಲೆ ಅವಳಿಗೇ ಖುಷಿ ತಡೆಯಲಾಗಲಿಲ್ಲ. ಪಕ್ಕದ ಸೀಟಿನಿಂದ ಕೆಮ್ಮೂ ಬರಲಿಲ್ಲ.

ಹೆದ್ದಾರಿಯಲ್ಲಿ ಮುಂದಿದ್ದ ಲಾರಿಯ ಕೆಂಪು ದೀಪ ಹೊತ್ತಿಕೊಂಡಿತು. ಅವಳು ಬ್ರೇಕ್ ಒತ್ತಿ, ಅಭ್ಯಾಸದಂತೆ ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು. ಮೇಷ್ಟ್ರು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ತೂತು ಬಿದ್ದ ಮ್ಯಾಟಿನ ಮೇಲೆ ಅವರ ಖಾಲಿ ಚಪ್ಪಲಿಗಳು ಬಿದ್ದುಕೊಂಡಿದ್ದವು.