ರೆಕಾರ್ಡಿಂಗಿಗೊಂದು ಡೋಲು

"ವಿಶಾಲ್, ಕ್ಲಾರಿನೆಟ್ ಕೆಳಗಿಡು. ಈ ಪೀಸಿಗೆ ನೀನು ಡೋಲು ಬಾರಿಸು" ಎಂದರು ರತೀಶ್ ಸರ್, ಮೂರನೇ ಟೇಕ್ ಕೆಟ್ಟ ಕೂಡಲೇ.

ತಲ್ಲೂರಿನ ಆ ಸಭಾಭವನದಲ್ಲಿ ಬೆಳಿಗ್ಗೆ ಒಂಬತ್ತರಿಂದ ಫ್ಯಾನ್ ಬಂದ್, ಕಿಟಕಿ ಬಂದ್. ಸದ್ದು ಮೈಕಿಗೆ ಬೀಳಬಾರದಲ್ಲ! ವಿಶ್ವವಿದ್ಯಾಲಯದ ಬ್ಯಾಂಡಿನ ಇಪ್ಪತ್ತಾರು ಮಕ್ಕಳು ಗಂಜಿಯ ಹಾಗೆ ಬೇಯುತ್ತ ಊದುತ್ತಿದ್ದರು. ಮೊದಲ ಟೇಕ್ ನಾಯಿ ಬೊಗಳಿ ಹೋಯಿತು, ಎರಡನೆಯದು ಟ್ರಂಪೆಟ್ಟಿನವನ ಸೀನಿಗೆ, ಮೂರನೆಯದು ಲಾರಿ ಹಾರ್ನಿಗೆ. ಹೊಸ ಸಂಗೀತದ ಆಲ್ಬಂ ಅದು. ಕೊನೆಯ ಪೀಸು ಸರ್ ಅವರೇ ಬರೆದದ್ದು, ನಮ್ಮ ಕರಾವಳಿಯ ಮೇಲೆ. ಅದರ ನಡುವೆ ಎಲ್ಲ ವಾದ್ಯಗಳೂ ನಿಂತು, ವಿಶಾಲನ ಕ್ಲಾರಿನೆಟ್ ಮಾತ್ರ ಒಂದು ನಿಮಿಷ ಕೇಳಬೇಕು. ಆ ಒಂದು ನಿಮಿಷಕ್ಕಾಗಿ ಅವನು ಎಂಟು ತಿಂಗಳು ತುಟಿ ಒಡೆಸಿಕೊಂಡಿದ್ದ.

"ಸರ್, ನನ್ನ ಸೋಲೋ?"

"ಅದನ್ನ ಪ್ರೇಕ್ಷಾ ಸ್ಯಾಕ್ಸೋಫೋನಲ್ಲಿ ಊದ್ತಾಳೆ. ಕ್ಲಾರಿನೆಟ್ ಯಾರು ಬೇಕಾದ್ರೂ ಕಲೀಬಹುದು ಮಾರಾಯ. ನಿಮ್ಮ ಕೊರಗ ಜನರ ಡೋಲು ಹಾಗಲ್ಲ, ಅದು ನಿಮ್ಮ ರಕ್ತದಲ್ಲೇ ಉಂಟು. ಇಷ್ಟು ದಿನ ನಂಗೆ ಹೊಳೀಲೇ ಇಲ್ಲ ನೋಡು!" ಸರ್ ಮುಖದಲ್ಲಿ ಉಡುಗೊರೆ ಕೊಡುವವರ ಖುಷಿ.

ವಿಶಾಲ್ ತಲೆ ತಗ್ಗಿಸಿದ. ಅವನ ಕೈಯಲ್ಲಿದ್ದ ಕ್ಲಾರಿನೆಟ್ ಕೂಡ ಸರ್ ಕೊಟ್ಟದ್ದೇ. ಅಂಥವರಿಗೆ ಆಗುವುದಿಲ್ಲ ಎನ್ನುವುದು ಹೇಗೆ?

ಪಕ್ಕದ ಕುರ್ಚಿಯ ಪ್ರೇಕ್ಷಾಳಿಗೆ ತಡೆಯಲಿಲ್ಲ. "ರಕ್ತದಂಗೆ ಬತ್ತಾ ಸರ್? ನಮ್ಮ ಅಪ್ಪಯ್ಯ ನಾವುಂದದ ಕಡಲಂಗೆ ಮೂವತ್ ವರ್ಷದಿಂದ ಮೀನ್ ಹಿಡುಕ್ ಹೋತ್ರ್. ನಂಗ್ ದೋಣಿ ಹತ್ರೆ ವಾಂತಿ ಬತ್ತ್!"

ಟ್ರಂಪೆಟ್ ಸಾಲು ಬಿದ್ದು ಬಿದ್ದು ನಕ್ಕಿತು. ವಿಶಾಲ್ ಮಾತ್ರ ಮೆಲ್ಲಗೆ, "ನೀ ಸುಮ್ನಿರ್ ಮಾರಾಯ್ತಿ. ಸರ್‌ಗೆ ಬೇಜಾರ್ ಆತ್ತ್" ಎಂದ.

ಸರ್ ಕೂಡ ನಕ್ಕರು. ಆದರೆ ಬಿಡಲಿಲ್ಲ. "ತಮಾಷೆ ಸಾಕು. ವಿಶಾಲ್, ಅಪ್ಪನಿಗೆ ಫೋನ್ ಮಾಡು. ಮನೇಲಿರೋ ಡೋಲು ತಕೊಂಡು ಬರ್ಲಿ. ನಿಮ್ಮ ಕಿರಿಮಂಜೇಶ್ವರದಿಂದ ಬಸ್ಸಲ್ಲಿ ಎಷ್ಟೊತ್ತಿನ ದಾರಿ?"

ಸ್ಪೀಕರಿಗೆ ಹಾಕಿದ ಫೋನಿನಲ್ಲಿ ವಿಶಾಲನ ಅಪ್ಪ ಗುಡ್ಡ ಒಂದೇ ಉಸಿರಿಗೆ ಶುರು ಮಾಡಿದ. "ಮಗಾ, ಮುಗೀತಾ? ಲಾಯ್ಕ್ ಆಯ್ತಾ? ಎಂತಾರೂ ತಿಂದ್ಯಾ?"

ಸರ್ ತಾವೇ ಫೋನ್ ತೆಗೆದುಕೊಂಡರು. "ಗುಡ್ಡಣ್ಣ, ನಾನು ರತೀಶ್, ವಿಶಾಲನ ಬ್ಯಾಂಡ್ ಮೇಷ್ಟ್ರು. ಅರ್ಜೆಂಟಾಗಿ ಒಂದು ಡೋಲು ಬೇಕಿತ್ತು. ನೀವೇ ತನ್ನಿ. ಮಗನ ಕೈ ತಪ್ಪಿದ್ರೆ ಇಲ್ಲೇ ನಿಂತು ತಿದ್ದಿ."

ಆ ಕಡೆ ಯಾರೋ ಕಲ್ಲು ಕೆತ್ತುವ ಸದ್ದು. ಗುಡ್ಡ ಕೆಲಸದ ಜಾಗದಿಂದ ಸ್ವಲ್ಪ ದೂರ ನಡೆದಿರಬೇಕು, ಸದ್ದು ಸಣ್ಣಗಾಯಿತು.

"ಡೋಲ್ ಇಲ್ಲ ಸರ್. ನಂಗ್ ಬಾರ್ಸುಕೂ ಬತ್ತಿಲ್ಲ."

"ನಿಮ್ಗೆ ಬರಲ್ವಾ? ನಿಮ್ಮ ಅಪ್ಪ ಸೂರಣ್ಣ ಭಾರಿ ಡೋಲಿನವರು ಅಂತ ಕೇಳಿದ್ದೆ."

"ಹೌದ್ ಮತ್ತೆ! ಅವ ಬಾರ್ಸ್ರೆ ಕಾಲ್ ನೋವಿದ್ದೋರೂ ಕುಣೀತಿದ್ರ್. ಆರೆ ನಂಗ್ ಕಲ್ಸಲಿಲ್ಲ. ಸಣ್ಣವ ಇಪ್ಪಾಗ ನಾನ್ ಮುಟ್ಟುಕ್ ಹೋರೆ ಕೈಗೇ ಹೊಡೀತಿದ್ದ. 'ಬತ್ತ್ ಅಂದೇಳಿ ಗೊತ್ತಾರೆ ದೊಡ್ ಮನ್ಯೋರ್ ಕರೀತ್ರ್ ಮಗಾ. ಕಂಬ್ಳಕ್ಕೂ ಕರೀತ್ರ್, ಸಾವಿಗೂ ಕರೀತ್ರ್. ಒಲ್ಲೆ ಅಂಬುಕ್ ಆತಿಲ್ಲ, ದಿನ ಇಡೀ ಬಿಸ್ಲಂಗ್ ಬಾರ್ಸ್ಕ್. ಬತ್ತೇ ಇಲ್ಲ ಅಂದ್ರೆ ಬಿಟ್ ಬಿಡ್ತ್ರ್' ಅಂದಿದ್ದ. ಅವ ಸತ್ ಮೇಲೆ ಮನ್ಯಂಗೆ ಯಾರಿಗೂ ಬತ್ತಿಲ್ಲ ಸರ್."

ನಗುತ್ತಿದ್ದ ಟ್ರಂಪೆಟ್ ಸಾಲಿನವರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ತಪ್ಪಾಯ್ತು ಗುಡ್ಡಣ್ಣ. ನಂಗೆ ಇದೆಲ್ಲ ಗೊತ್ತಿರ್ಲಿಲ್ಲ" ಎಂದರು ಸರ್. ಅವರ ದನಿ ಇಳಿದಿತ್ತು.

"ಎಂತ ತಪ್ಪ್ ಮಾರ್ರೆ, ಬಿಡಿ."

ಸರ್ ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಅಂಚಿನಲ್ಲಿ ಆಗಷ್ಟೇ ಗೀಚಿದ್ದ ಡೋಲಿನ ಗುರುತುಗಳನ್ನು ಹೊಡೆದು ಹಾಕಿದರು. ವಿಶಾಲನ ಕಡೆ ಕೈ ತೋರಿದರು, ಕ್ಲಾರಿನೆಟ್ ಎತ್ತಿಕೋ ಎಂದು. ಪ್ರೇಕ್ಷಾ ತನ್ನ ಮುಂದೆ ಬಂದಿದ್ದ ಸೋಲೋ ಹಾಳೆಯನ್ನು ವಾಪಸ್ ಅವನ ಸ್ಟ್ಯಾಂಡಿಗೆ ಹಾಕಿ, "ನೀ ತಪ್ರೆ ಕೊಲ್ತೆ" ಎಂದಳು. ವಿಶಾಲ್ ಕ್ಲಾರಿನೆಟ್ ಎತ್ತಿ ಊದುವ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡ.

"ಸರ್, ಫೋನ್ ಇಡ್ಬೇಡಿ. ಒಂದ್ ಕೇಂತೆ, ಬೇಜಾರ್ ಮಾಡ್ಕಣ್ಬೇಡಿ" ಎಂದ ಗುಡ್ಡ.

"ಕೇಳಿ ಗುಡ್ಡಣ್ಣ."

"ನನ್ನಪ್ಪ ಎಷ್ಟ್ ದೊಡ್ಡ ಮನೆಗ್ ಹೋರೂ ಅಂಗ್ಳದ್ ಹೊರಗ್ ನಿಂತೇ ಬಾರ್ಸಿದ್ದ. ನನ್ನ ಮಗ ಊದೂದ್ ಒಳಗ್ ಕೂಕಂಡಾ ಸರ್?"