ಮಾವ ಹಚ್ಚಿದ ಪಾಲಿಷ್

ಟೈರು ಫಳಫಳ ಹೊಳೆಯುತ್ತಿತ್ತು. ಹೊಳೆಯಬಾರದ ಜಾಗದಲ್ಲೂ ಹೊಳೆಯುತ್ತಿತ್ತು. ಸಂಜೆ ಕೆಲಸ ಮುಗಿಸಿ ಬಂದ ಸೊಸೆ ಹೆಗಲ ಚೀಲವನ್ನೂ ಇಳಿಸದೆ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಚಕ್ರವನ್ನು ಹೊರಕ್ಕೆ ತಿರುಗಿಸಿ ನಿಲ್ಲಿಸಿದ್ದರಿಂದ ನೆಲಕ್ಕೆ ತಾಗುವ ಪಟ್ಟಿ ಎದ್ದು ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟಳು. ಬೆರಳು ಸರ್ರನೆ ಜಾರಿತು.

"ಹೇಗಿದೆ?" ಮೆಟ್ಟಿಲ ಮೇಲೆ ಕೂತಿದ್ದ ಮಾವ ಕೇಳಿದರು. ಕೈಯಲ್ಲಿ ಪಾಲಿಷಿನ ಡಬ್ಬಿ, ಹೆಗಲ ಮೇಲೆ ಕರಿಹಿಡಿದ ಬಟ್ಟೆ. "ಟೈರಿನ ಪಕ್ಕಕ್ಕೆ ಎಲ್ಲರೂ ಹಚ್ತಾರೆ. ಪಟ್ಟಿಗೂ ಹಚ್ಬೇಕು. ಚಕ್ರ ತಿರುಗಿಸಿ ನಿಲ್ಲಿಸಿದಾಗ ಫೋಟೋದಲ್ಲಿ ಕಾಣೋದು ಅದೇ. ಮದುವೆ ಗಾಡಿ ಓಡಿಸಿದವರಿಗೆ ಮಾತ್ರ ಇದು ಗೊತ್ತು."

ಮಾವ ನಿವೃತ್ತರಾಗುವವರೆಗೂ ಓಡಿಸಿದ್ದು ಮದುವೆ ಗಾಡಿಯನ್ನೇ. ನಾಳೆ ಗೆಳತಿಯ ಮದುವೆ, ಕಾರು ಬೇಕು ಎಂದು ಸೊಸೆ ಕೇಳಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಈಕೆ ಮದುವೆಯನ್ನೇ ಸುಳ್ಳು ಮಾಡಿದ್ದಳು. ಕಾರು ಹೋಗಬೇಕಾಗಿದ್ದದ್ದು ಊರಾಚೆಯ ರೇಸ್ ಟ್ರ್ಯಾಕಿಗೆ. ಅಲ್ಲಿ ಆಗೊಮ್ಮೆ ಈಗೊಮ್ಮೆ ಯಾರು ಬೇಕಾದರೂ ತಮ್ಮ ಮನೆಯ ಕಾರನ್ನೇ ತಂದು, ಧೈರ್ಯ ಇದ್ದಷ್ಟು ವೇಗವಾಗಿ ಓಡಿಸಬಹುದು. ಎಷ್ಟೋ ದಿನ ಕಾದ ಮೇಲೆ ಅವಳಿಗೆ ನಾಳೆಯ ಸರದಿ ಸಿಕ್ಕಿತ್ತು. ಗಂಡನಿಗೆ ಎಲ್ಲ ಗೊತ್ತಿತ್ತು. 'ಅಪ್ಪನಿಗೆ ನೀನೇ ಹೇಳ್ಕೋ' ಎಂದು ಮೆಲ್ಲಗೆ ಕಳಚಿಕೊಂಡಿದ್ದ. ಆದರೆ ಕಾರು ಮಾವನದು. ರಸ್ತೆಯಲ್ಲಿ ಯಾವನಾದರೂ ಸುಯ್ಯೆಂದು ಹಿಂದಿಕ್ಕಿ ಹೋದರೆ, 'ಸಾಯೋಕೆ ಎಷ್ಟು ಅವಸರ ನೋಡು' ಎಂದು ಬೈಯುವವರೂ ಅವರೇ. ಅಂಥವರಿಗೆ ನಿಜ ಹೇಳುವುದಾದರೂ ಹೇಗೆ?

ಸೊಸೆ ಕಾರಿನ ಮೂತಿ ನೋಡಿದಳು. ಟ್ರ್ಯಾಕಿನಲ್ಲಿ ಮುಂದಿನ ಕಾರಿನ ಚಕ್ರದಿಂದ ಕಲ್ಲು ಸಿಡಿದು ಬಣ್ಣ ಏಳಬಾರದೆಂದು ಬೆಳಿಗ್ಗೆ ಬಂಪರಿಗೂ ಬಾನೆಟ್ಟಿನ ಅಂಚಿಗೂ ನೀಲಿ ಟೇಪು ಅಂಟಿಸಿದ್ದಳು. ಹೆಡ್‌ಲೈಟು ಒಡೆದರೂ ಗಾಜು ಚೆಲ್ಲದಿರಲಿ ಎಂದು ಅವಕ್ಕೂ ಅಡ್ಡಡ್ಡ ಹಾಕಿದ್ದಳು. ಈಗ ಅದರ ಒಂದು ಚೂರೂ ಇರಲಿಲ್ಲ.

"ಮಾವ, ಟೇಪು?"

"ಮದುವೆ ಗಾಡಿ ಮೂತಿಗೆ ಯಾರಾದ್ರೂ ಬ್ಯಾಂಡೇಜು ಕಟ್ತಾರೇನಮ್ಮ? ಎಲ್ಲ ಕಿತ್ತು ಮೇಣ ಹಾಕಿ ಉಜ್ಜಿದೀನಿ. ಈಗ ನೊಣ ಕೂತ್ರೂ ಜಾರಿ ಬೀಳುತ್ತೆ."

ಜಾರುವುದು ನೊಣವಲ್ಲ ಎಂದು ಸೊಸೆಗೆ ಗೊತ್ತಿತ್ತು. ಎಣ್ಣೆಯಂಥ ಪಾಲಿಷು ಮೆತ್ತಿದ ಈ ಟೈರಿನಲ್ಲಿ ಟ್ರ್ಯಾಕಿಗಿಳಿದರೆ ಮೊದಲ ತಿರುವಿನಲ್ಲೇ ಕಾರು ಸೀದಾ ಗೋಡೆಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿ ತೊಳೆದರಾಯಿತು, ಇನ್ನೊಂದು ಸುಳ್ಳು ತಾನೆ ಎಂದುಕೊಳ್ಳುವಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ನಾಳೆ ನಾನೇ ಓಡಿಸ್ತೀನಿ. ಬಿಳಿ ಷರ್ಟಿಗೆ ಇಸ್ತ್ರಿನೂ ಆಯ್ತು. ನಿನ್ನ ಗೆಳತಿ ಅಂದ್ಮೇಲೆ ನಮ್ಮನೆ ಹುಡುಗಿ ಇದ್ದ ಹಾಗೆ."

ಬಾಯಿಗೆ ಬಿಸಿ ತುಪ್ಪ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಇಸ್ತ್ರಿ ಮಾಡಿದ ಷರ್ಟನ್ನು ನೆನೆದು ಸೊಸೆಗೆ ಅಳುವೇ ಬಂತು.

"ಮಾವ, ಮದುವೆ ಇಲ್ಲ."

"ಅಯ್ಯೋ! ಮುರಿದುಹೋಯ್ತಾ?" ಮಾವ ಗಾಬರಿಯಾಗಿ ಎದ್ದು ನಿಂತರು.

"ಇರಲೇ ಇಲ್ಲ."

ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಟ್ರ್ಯಾಕು, ಟೇಪು, ಗಂಡನ ಕಳ್ಳಮೌನ, ಕೊನೆಗೆ ಟೈರು. ಹೇಳಿ ಮುಗಿಸಿ, ಬೈಸಿಕೊಳ್ಳಲು ತಲೆ ತಗ್ಗಿಸಿದಳು. ಮಾವ ತಮ್ಮ ಕರಿಹಿಡಿದ ಅಂಗೈಗಳನ್ನು ನೋಡುತ್ತಾ ನಿಂತಿದ್ದರು.

"ಅಂದ್ರೆ, ನೀನು ನೋಡದೇ ಹೋಗಿದ್ರೆ, ನನ್ನ ಕೈಯಿಂದಲೇ..." ಎಂದವರು ಮಾತು ಮುಗಿಸದೆ ಒಳಗೆ ಹೋದರು. ಕಾರಿನ ಕೀ ಅವರ ಜೇಬಿನಲ್ಲೇ ಇತ್ತು. ಮುಗಿಯಿತು, ಇನ್ನು ಈ ಜನ್ಮದಲ್ಲಿ ಕೀ ಸಿಗುವುದಿಲ್ಲ ಎಂದುಕೊಂಡಳು ಸೊಸೆ. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಾವ ಪ್ಯಾಂಟು ಮಡಚಿಕೊಂಡು ಬಂದರು. ಒಂದು ಕೈಯಲ್ಲಿ ಬಿಸಿನೀರಿನ ಬಕೆಟ್ಟು, ಇನ್ನೊಂದರಲ್ಲಿ ಪಾತ್ರೆ ತೊಳೆಯುವ ಸೋಪು, ಎರಡು ಬ್ರಷ್ಷು.

"ಹಚ್ಚಿದವನೇ ತೆಗೀಬೇಕು. ಮುಂದಿನದು ನನಗಿರಲಿ, ನೀನು ಹಿಂದಿನದು ಹಿಡಿ."

ಸೊಸೆಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಸೊಂಟ ಬಗ್ಗಿಸಿ ಉಜ್ಜಿದರು. ಕರಿನೊರೆ ಅಂಗಳದ ತುಂಬ ಹರಿಯಿತು. ಮೂರು ಬಾರಿ ತೊಳೆದು ಒರೆಸಿದ ಮೇಲೆ ಮಾವ ಪಟ್ಟಿಯ ಮೇಲೆ ಬೆರಳು ಎಳೆದರು. ಬೆರಳು ಗಕ್ಕನೆ ಹಿಡಿದು ನಿಂತಿತು. "ಇಗೋ, ಹಿಡೀತು!" ಎಂದು ಅವರು ನಕ್ಕಾಗ ಸೊಸೆಯೂ ಕಣ್ಣೊರೆಸಿಕೊಂಡು ನಕ್ಕಳು. ಬಂಪರಿನ ಮೇಣವೂ ಅದೇ ಸೋಪಿಗೆ ಹೋಯಿತು. ಟೇಪು ಅಂಟಿಸಲು ಮಾವ ಅವಳನ್ನು ಬಿಡಲಿಲ್ಲ, ಬೆಳಿಗ್ಗೆ ಅವಳು ಅಂಟಿಸಿದ್ದು ಸೊಟ್ಟಗಿತ್ತಂತೆ.

"ಇನ್ನೊಂದ್ ಸಲ ಸುಳ್ಳು ಹೇಳಿದ್ರೆ ಕಾರೂ ಇಲ್ಲ, ಮಾವನೂ ಇಲ್ಲ," ಎಂದು ಗದರಿದರು. ಆಮೇಲೆ ತಲೆಯೆತ್ತದೆ ಕೇಳಿದರು, "ಅಲ್ಲಿ ಪಕ್ಕದ ಸೀಟಲ್ಲಿ ಒಬ್ರು ಕೂರಬಹುದಾ?"

"ಹೆಲ್ಮೆಟ್ ಹಾಕ್ಕೊಂಡ್ರೆ ಕೂರಬಹುದು. ಆದ್ರೆ ನಿಮಗೆ ವೇಗ ಅಂದ್ರೆ ಆಗಲ್ವಲ್ಲ ಮಾವ?"

"ಆಗಲ್ಲ ಅಂತ ಯಾರು ಹೇಳಿದ್ರು?" ಮಾವ ಟೇಪಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದರು. "ಇಷ್ಟು ವರ್ಷ ನನ್ನ ಗಾಡಿ ಮುಂದೆ ಯಾವಾಗ್ಲೂ ಜನ ಕುಣೀತಾ ಇರೋರು ಕಣಮ್ಮ. ಎರಡನೇ ಗೇರು ಹಾಕೋಕೂ ಬಿಡ್ಲಿಲ್ಲ."